ಭೀಮೆಯ ಮರಳದಿಬ್ಬ ಮತ್ತು ನನ್ನ ನಕ್ಷೆಗಳು

ಕೆಲಸಕ್ಕೆ ಸೇರುವ ಮೊದಲು ನಾನು ನೋಡಿದ್ದ ಅತಿ ದೊಡ್ಡ ನೀರೆಂದರೆ ಹಿರೋಳ್ಳಿಯ ನಮ್ಮ ಹೊಲದ ಬಾವಿ. ಬೇಸಿಗೆಯಲ್ಲಿ ಅದೂ ತಳ ತೋರಿಸುತ್ತಿತ್ತು. ಈಜು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಅಂಥ ನನ್ನನ್ನು ಸರಕಾರ ಭೀಮಾ ನದಿಯ ನಕ್ಷೆ ಬರೆಯುವ ಕೆಲಸಕ್ಕೆ ತೆಗೆದುಕೊಂಡಿತು. ಐಟಿಐನಲ್ಲಿ ನಕ್ಷೆಗಾರಿಕೆ ಕಲಿತ ಹುಡುಗಿಯರು ಆಗ ನಮ್ಮ ಕಡೆ ಕಡಿಮೆ, ನನ್ನ ಅಕ್ಷರ ದುಂಡಗಿತ್ತು, ಇಷ್ಟೇ ಅರ್ಹತೆ. ಬೇರೆಯವರು ನದಿಗೆ ಹೋಗಿ ಅಳೆದು ತಂದ ಅಂಕಿಗಳನ್ನು ಆಫೀಸಿನಲ್ಲಿ ಕುಳಿತು ಗೆರೆಗಳನ್ನಾಗಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಸೆರಗಿಗೆ ಮಸಿ ತಾಗದಂತೆ ನೋಡಿಕೊಂಡರೆ ಸಾಕು, ಬದುಕು ಸಾಗುತ್ತದೆ ಎಂದುಕೊಂಡಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊನ್ನೆ ನನ್ನನ್ನು ಚಹಾಕ್ಕೆ ಕರೆದಿದ್ದರು. ಆಕಾಶದಿಂದ ತೆಗೆದ ಭೀಮೆಯ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಎರಡು ಬೆರಳು ಅಗಲಿಸಿದರೆ ನದಿ ಹತ್ತಿರ ಬರುತ್ತದೆ, ಕೂಡಿಸಿದರೆ ದೂರ ಹೋಗುತ್ತದೆ. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. "ಅಕ್ಕಾ, ನೀವೆಲ್ಲ ಇದನ್ನ ಹ್ಯಾಂಗ ಮಾಡ್ತಿದ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು. "ತಪ್ಪು ಮಾಡಿ ಮಾಡಿ ಮಾಡ್ತಿದ್ವಿ" ಎಂದು ಹೇಳಿ, ಬಿಸ್ಕೀಟು ತಿಂದು ಬಂದೆ. ಮನೆಗೆ ಬಂದ ಮೇಲೆ ಉತ್ತರ ಅರ್ಧಕ್ಕೇ ನಿಂತಿತು ಅನಿಸಿತು. ಉಳಿದ ಅರ್ಧ ಇಲ್ಲಿದೆ.

ನನ್ನ ಮೊದಲ ಮೇಲಧಿಕಾರಿ ದತ್ತಾ ಸಾಹೇಬರು. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. ನಕ್ಷೆಯ ಮೇಲೆ ಒಂದು ಹನಿ ಮಸಿ ಬಿದ್ದರೆ ಅವರಿಗೆ ಅರ್ಧ ದಿನ ಊಟ ಸೇರುತ್ತಿರಲಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗೊತ್ತಾದ ಜಾಗಗಳಲ್ಲಿ ಈ ದಂಡೆಯಿಂದ ಆ ದಂಡೆಯವರೆಗೆ ನದಿಯ ಆಳ ಅಳೆಯಬೇಕು. ಎಲ್ಲಿ ಮರಳು ಕೂಡಿದೆ, ಎಲ್ಲಿ ಕೊರೆದಿದೆ ಎಂದು ತಿಳಿಯುವುದು ಅದರಿಂದಲೇ. ಸೇರಿದ ಎರಡನೆಯ ವರ್ಷ ನಾನು ಹಳೆಯ ಹಾಳೆ, ಹೊಸ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದೆ. ಏನೋ ವಿಚಿತ್ರ ಕಂಡಿತು. ಎದ್ದು ಸಾಹೇಬರ ಬಳಿ ಹೋದೆ.

"ಸರ್, ಹೋದ ವರ್ಷದ ಅಂಕಿ, ಈ ವರ್ಷದ ಅಂಕಿ ಎಲ್ಲಾ ಒಂದೇ ಅದಾವ್ರಿ."

"ಛಲೋ ಆತಲ್ಲ ನೀಲಮ್ಮನವ್ರ. ನದಿ ಶಿಸ್ತಿಲೇ ಅದ ಅಂತ ಅರ್ಥ."

"ಹೋದ ವರ್ಷ ತಪ್ಪಾಗಿ ಬರದು ಕಾಟು ಹಾಕಿದ ಅಂಕಿ ಒಂದಿತ್ತಲ್ರಿ, ಈ ವರ್ಷ ಅದೂ ಬಂದದ. ಕಾಟಿನ ಸಮೇತ."

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅಳೆಯಲು ಹೋದವರು ಆ ವರ್ಷ ನದಿಯ ಮುಖವನ್ನೂ ನೋಡಿರಲಿಲ್ಲ. ದಂಡೆಯ ಹೊಟೇಲಿನಲ್ಲಿ ಕುಳಿತು ಹಳೆಯ ಹಾಳೆಯನ್ನು ನಕಲು ಮಾಡಿದ್ದರು, ಪಾಪ, ಬಹಳ ನಿಷ್ಠೆಯಿಂದ. ಅವರಿಗೆ ಏನು ಶಿಕ್ಷೆಯಾಯಿತೋ ನನಗೆ ನೆನಪಿಲ್ಲ. ನನಗೇನಾಯಿತು ಎಂಬುದು ಚೆನ್ನಾಗಿ ನೆನಪಿದೆ.

"ಇಷ್ಟು ಕಣ್ಣು ಚುರುಕ ಇದ್ದಾವ್ರು ಆಫೀಸಿನಾಗ ಯಾಕ ಕುಂದರಬೇಕ್ರಿ?" ಎಂದರು ಸಾಹೇಬರು. "ನಾಳಿಂದ ನೀವೇ ನದಿಗಿ ಹೋಗ್ರಿ."

ಹಾಗೆ ನಾನು ನದಿಗೆ ಹೋದೆ. ನನ್ನನ್ನು ನೀರಿನ ಮೇಲೆ ಕರೆದೊಯ್ಯಲು ಗೊತ್ತುಮಾಡಿದ್ದವನು ಸಾಯಬಣ್ಣ. ಅಫಜಲಪುರ ತಾಲೂಕಿನ ದಂಡೆಯ ಊರೊಂದರ ಅಂಬಿಗ. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಆ ಊರಿಗೆ ನಾನು ಮಾಡಿದ ಉಪಕಾರ ಮುಂದೆ ಬರುತ್ತದೆ. ಅವನ ಹರಿಗೋಲು ದುಂಡಗೆ, ದೊಡ್ಡ ಬುಟ್ಟಿಯಂತೆ ಇತ್ತು. ನಾನು ಕಾಲಿಟ್ಟ ಕೂಡಲೇ ಅದು ತಿರುಗಿತು. ದಂಡೆ ತಿರುಗಿತು, ಆಕಾಶ ತಿರುಗಿತು. ನಾನು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಅಕ್ಕಾರ," ಎಂದ ಸಾಯಬಣ್ಣ ಬಹಳ ಮರ್ಯಾದೆಯಿಂದ, "ಹರಿಗೋಲಿನ ಅಂಚ ಹಿಡೀರಿ. ನನ್ನ ಧೋತರ ಬಿಡ್ರಿ."

ನನ್ನ ಮೊದಲ ದಿನದ ಅಳತೆಗಳನ್ನು ಯಾರೂ ನಂಬಬೇಡಿ. ನಾನೇ ನಂಬಲಿಲ್ಲ.

ಆದರೆ ಹತ್ತು ದಿನದಲ್ಲಿ ಭಯ ಹೋಗಿ ಕುತೂಹಲ ಬಂತು. ಸಾಯಬಣ್ಣ ಬಿದಿರಿನ ಗಳವನ್ನು ನೀರಿಗೆ ಇಳಿಸಿ ಆಳ ಕೂಗಿ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಆ ಊರಿನ ಎದುರಿಗೆ ನದಿಯಲ್ಲಿ ಉದ್ದನೆಯ ಒಂದು ಮರಳದಿಬ್ಬ ಮಲಗಿತ್ತು. ದಿಬ್ಬದ ಆಚೆ ದೊಡ್ಡ ಹರಿವು. ಈಚೆ, ದಿಬ್ಬಕ್ಕೂ ಊರಿಗೂ ನಡುವೆ, ಒಂದು ಸಣ್ಣ ಹರಿವು. ಮೇಲಿನಿಂದ ಬರುವ ನೀರು ಈ ಸಣ್ಣ ಹರಿವಿಗೆ ತಿರುಗುವ ಜಾಗವನ್ನು ಊರವರು 'ಬಾಯಿ' ಎನ್ನುತ್ತಿದ್ದರು. ಬಾಯಿ ತೆರೆದಿದ್ದರೆ ಊರ ಮುಂದೆ ನೀರು. ಮುಚ್ಚಿದರೆ ಊರ ಮುಂದೆ ಬರೀ ಮರಳು.

"ದಿಬ್ಬ ಒಂದ ಜಾಗಾದಾಗ ಕುಂದರೂದಿಲ್ರಿ ಅಕ್ಕಾರ. ನಡೀತದ," ಎಂದ ಸಾಯಬಣ್ಣ.

ನಾನು ನಕ್ಕೆ. ಅವನು ಒಣ ಮರಳಿನಲ್ಲಿ ಮೂರು ಜಾಲಿ ಗೂಟ ಹುಗಿದ. ಬೇಸಿಗೆಯ ಕೊನೆಗೆ, ಮಳೆಗೆ ಮುಂಚಿನ ಬಿರುಗಾಳಿ ಎರಡು ಸಲ ಹೊಡೆದ ಮೇಲೆ ಮತ್ತೆ ಕರೆದುಕೊಂಡು ಹೋದ. ಒಂದು ಗೂಟ ಪೂರ್ತಿ ಮುಚ್ಚಿಹೋಗಿತ್ತು. ಇನ್ನೊಂದು ಬುಡಸಮೇತ ಬಿದ್ದಿತ್ತು. ಗಾಳಿ ದಿಬ್ಬದ ಬೆನ್ನಿನ ಮರಳನ್ನು ಎತ್ತಿ ಸಣ್ಣ ಹರಿವಿನೊಳಗೆ ಸುರಿಯುತ್ತಿತ್ತು. ಅದನ್ನು ನೋಡುತ್ತ ದಿಬ್ಬದ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ರೊಟ್ಟಿಯ ಪ್ರತಿ ತುತ್ತೂ ಕರ್ರ್ ಎಂದಿತು. ಆಮೇಲೆ ಪ್ರವಾಹ ಬಂದಾಗ ನೋಡಿದೆ. ನೀರು ದಿಬ್ಬದ ತಲೆಯನ್ನು ತಿನ್ನುತ್ತದೆ, ತಿಂದ ಮರಳನ್ನು ಬಾಲಕ್ಕೆ ತಂದು ಹಾಕುತ್ತದೆ. ತಲೆ ಕರಗಿ ಬಾಲ ಬೆಳೆದರೆ ದಿಬ್ಬ ಮುಂದಕ್ಕೆ ಹೋದಂತೆಯೇ. ಸಾಯಬಣ್ಣ ಹೇಳಿದ್ದು ಖರೆ. ನಡೆಯುತ್ತಿತ್ತು.

(ಒಂದು ವರ್ಷ ಮಾತ್ರ ಜೇವರ್ಗಿ ಕಡೆಯ ಒಂದು ದಿಬ್ಬ ಪ್ರವಾಹವೂ ಇಲ್ಲದೆ, ಗಾಳಿಯೂ ಇಲ್ಲದೆ ಮಾಯವಾಯಿತು. ಅದು ಟ್ರ್ಯಾಕ್ಟರ್ ಹತ್ತಿ ಹೋಗಿತ್ತು. ಅದಕ್ಕೆ ನದಿಯನ್ನು ದೂರಬಾರದು.)

ಈಗ ಉಪಕಾರದ ವಿಷಯ.

ಆ ಊರಿಗೆ ಕುಡಿಯುವ ನೀರಿಗಾಗಿ ಒಂದು ಜಾಕ್‌ವೆಲ್ ಕಟ್ಟಬೇಕೆಂದು ತೀರ್ಮಾನವಾಯಿತು. ನದಿಯ ನೀರನ್ನು ಒಳಗೆ ಸೆಳೆದು ಪಂಪಿನಿಂದ ಊರಿಗೆ ಕಳಿಸುವ ದುಂಡನೆಯ ಕಾಂಕ್ರೀಟ್ ಬಾವಿ ಅದು. ಜಾಗ ತೋರಿಸಲು ನನ್ನ ನಕ್ಷೆ ಕೇಳಿದರು. ನನಗೆ ಹೆಮ್ಮೆ. ಮೂರು ವಾರ ಕುಳಿತು ಬರೆದೆ. ಸಣ್ಣ ಹರಿವಿನ ಬಾಯಿಯ ಹತ್ತಿರವೇ ಆಳ ಹೆಚ್ಚಿತ್ತು. ಅಲ್ಲಿ ಅಚ್ಚುಕಟ್ಟಾದ ನೀಲಿ ಬಣ್ಣ ತುಂಬಿದೆ. ದತ್ತಾ ಸಾಹೇಬರು ನಕ್ಷೆಯನ್ನು ಬೆಳಕಿಗೆ ಹಿಡಿದು, "ಚೌಕಟ್ಟು ಹಾಕಿ ಗೋಡಿಗಿ ಹಚ್ಚಬೇಕ್ರಿ ಇದನ್ನ" ಎಂದರು. ಅವರ ಬಾಯಲ್ಲಿ ಅದು ಪದ್ಮಶ್ರೀ.

ನಕ್ಷೆ ಕಳಿಸುವ ಮುಂಚೆ ಸಾಯಬಣ್ಣ ಒಂದು ಮಾತು ಹೇಳಿದ್ದ. "ಈ ಬಾಯಿ ಭಾಳ ದಿನ ಇರಂಗಿಲ್ರಿ. ಮರಳು ತುಟಿ ತನಕ ಬಂದದ. ಎರಡು ಮಳಿಗಾಲ ನೋಡ್ರಿ, ಮುಚ್ಚತದ."

ನಾನು ಕೇಳಿಸಿಕೊಂಡೆ. ಬರೆಯಲಿಲ್ಲ. ನಮ್ಮ ಫಾರಂನಲ್ಲಿ ಆಳಕ್ಕೆ ಕಾಲಂ ಇತ್ತು, ಅಗಲಕ್ಕೆ ಇತ್ತು, ತಾರೀಖಿಗೆ ಇತ್ತು, ಸಹಿಗೆ ಮೂರು ಇದ್ದವು. ಸಾಯಬಣ್ಣನ ಮಾತಿಗೆ ಕಾಲಂ ಇರಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಚಂದದ ನೀಲಿಯ ಪಕ್ಕದಲ್ಲಿ 'ಇದು ಮುಚ್ಚಬಹುದು' ಎಂದು ಬರೆಯಲು ನನಗೆ ಮನಸ್ಸೂ ಬರಲಿಲ್ಲ.

ಜಾಕ್‌ವೆಲ್ ಎದ್ದಿತು. ಎರಡು ಮಳೆಗಾಲ ಕಳೆದವು. ಸಾಯಬಣ್ಣನ ಲೆಕ್ಕ ಒಂದು ತಿಂಗಳೂ ತಪ್ಪಲಿಲ್ಲ. ಬಾಯಿ ಪೂರ್ತಿ ಮುಚ್ಚಿ, ದಿಬ್ಬದ ತಲೆ ದಂಡೆಗೆ ಅಂಟಿಕೊಂಡಿತು. ನಾನು ಹೋಗಿ ನೋಡುವಾಗ ಜಾಕ್‌ವೆಲ್ಲಿನ ಸುತ್ತ ಒಂದು ತಂಬಿಗೆ ನೀರಿರಲಿಲ್ಲ. ಅದರ ನೆರಳಲ್ಲಿ ಆಡುಗಳು ಮಲಗಿದ್ದವು. ನೆರಳು ಮಾತ್ರ ಚೆನ್ನಾಗಿತ್ತು.

ಕೊಡ ಹೊತ್ತ ಹೆಂಗಸೊಬ್ಬಳು ಮರಳಲ್ಲಿ ನಡೆದು ಬರುತ್ತಿದ್ದಳು. ನನ್ನ ಕೈಯಲ್ಲಿದ್ದ ಸುರುಳಿ ಕಾಗದ ನೋಡಿ ನಿಂತಳು. ಕಾಶೀಬಾಯಿ ಅವಳ ಹೆಸರು. ಕುರಿ ಸಾಕುವ ಮನೆತನ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು.

"ಇಲ್ಲಿ ನೀರು ಅದಾವಂತ ನಕ್ಷಾ ಬರದಾವ್ರು ನೀವೇ ಏನ್ರಿ ಅಕ್ಕಾರ?"

"ಹೌದ್ರಿ" ಎಂದೆ. ಸುಳ್ಳು ಹೇಳಲು ಪುರಸೊತ್ತು ಸಿಗಲಿಲ್ಲ.

"ಆ ನಕ್ಷಾ ಈಗ ಅದ ಏನು ನಿಮ್ಮ ಹತ್ರ?"

"ಅದ್ರಿ."

"ಹಂಗಾದ್ರ ಇತ್ತ ಕೊಡ್ರಿ. ಹಿಂಡಿ ನೋಡ್ತೇನಿ, ಒಂದು ಕೊಡ ಆದ್ರೂ ಬರ್ತದೇನೋ."

ಹಿಂದೆ ಬರುತ್ತಿದ್ದ ಹೆಂಗಸರು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಒಂದು ಖಾಲಿ ಕೊಡ ಇಸಿದುಕೊಂಡು ಅವಳ ಜೊತೆ ನೀರಿಗೆ ಹೋದೆ. ದಿಬ್ಬ ದಾಟಿ ದೊಡ್ಡ ಹರಿವಿಗೆ ಹೋಗಬೇಕಿತ್ತು. ನಕ್ಷೆಯಲ್ಲಿ ಅದು ನನ್ನ ಹೆಬ್ಬೆರಳಿನಷ್ಟು ದೂರ. ಕಾಲು ಹುಗಿಯುವ ಮರಳಲ್ಲಿ, ತುಂಬಿದ ಕೊಡದೊಂದಿಗೆ ಎಷ್ಟು ದೂರವೆಂದು ಆ ದಿನ ತಿಳಿಯಿತು. ಊರು ಮುಟ್ಟುವ ಹೊತ್ತಿಗೆ ನನ್ನ ಕೊಡದಲ್ಲಿ ಅರ್ಧ ನೀರಿತ್ತು, ಉಳಿದರ್ಧ ನನ್ನ ಸೀರೆಯಲ್ಲಿತ್ತು. ಕಾಶೀಬಾಯಿ ಅದನ್ನು ನೋಡಿ, "ಇರ್ಲಿ ಬಿಡ್ರಿ, ನಿಮ್ಮ ನಕ್ಷಾಕಿಂತ ಈ ಕೊಡದಾಗ ನೀರು ಜಾಸ್ತಿ ಅದಾವ" ಎಂದಳು.

ಆಫೀಸಿಗೆ ಬಂದು, ಸಾಯಬಣ್ಣ ಎಚ್ಚರಿಸಿದ್ದ, ನಾನು ದಾಖಲಿಸಲಿಲ್ಲ ಎಂದು ಬರೆದುಕೊಟ್ಟೆ. ಸಾಹೇಬರು ಓದಿ, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

"ಸರ್, ನೀವ್ಯಾಕ್ರಿ?"

"ಗೋಡಿಗಿ ಹಚ್ಚಬೇಕು ಅಂದಾವ ನಾನೇ ಅಲ್ಲೇನ್ರಿ?" ಎಂದರು. ಅಂದಿನಿಂದ ಅವರ ಇಸ್ತ್ರಿಯ ಬಗ್ಗೆ ನಾನು ಹಿಂದಿನಿಂದ ಆಡಿಕೊಳ್ಳುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಊರಿಗೆ ನೀರು ಕೊಡಲು ಮುಚ್ಚಿದ ಬಾಯಿಯನ್ನು ಜೆಸಿಬಿಯಿಂದ ತೋಡಿಸಿದರು. ಒಂದು ಬಿರುಗಾಳಿ ಬಂದು ಮುಚ್ಚಿತು. ಮತ್ತೆ ತೋಡಿಸಿದರು. ಮತ್ತೆ ಮುಚ್ಚಿತು. ಕೊನೆಗೆ ದೊಡ್ಡ ಹರಿವಿನ ದಂಡೆಗೆ, ಬಂಡೆ ಇರುವ ಕಡೆ, ಪೈಪು ಎಳೆದ ಮೇಲೆಯೇ ಕೊಡಗಳು ಮನೆಯೊಳಗೆ ಹೋದವು.

ಇದಾದ ಒಂದೆರಡು ವರ್ಷಕ್ಕೆ ನನ್ನನ್ನು ಕರಾವಳಿಗೆ ತರಬೇತಿಗೆ ಕಳಿಸಿದರು. ಹತ್ತು ದಿನ. ಅಲ್ಲಿಯವರು ನಾನು ಆಳಂದ ತಾಲೂಕಿನವಳೆಂದಾಗ ಅದು ಮಹಾರಾಷ್ಟ್ರದಲ್ಲಿದೆಯೇ ಎಂದು ಕೇಳಿದರು. ನಮ್ಮ ಹಿರೋಳ್ಳಿಯಿಂದ ನಾಲ್ಕು ಹೆಜ್ಜೆ ಹಾಕಿದರೆ ಮಹಾರಾಷ್ಟ್ರವೇ, ಹಾಗಾಗಿ ಪೂರ್ತಿ ತಪ್ಪೆನ್ನಲಾಗದು. ಮೊದಲ ದಿನವೇ ಸಮುದ್ರ ನನ್ನ ಎರಡೂ ಚಪ್ಪಲಿ ತೆಗೆದುಕೊಂಡು ಹೋಯಿತು. ಒಂದನ್ನಾದರೂ ಮರಳಿಸಬಹುದಿತ್ತು.

ಆದರೆ ಅಲ್ಲಿಯ ಅಳಿವೆಯನ್ನು ಕಂಡು ನಾನು ಬೆರಗಾದೆ. ನದಿ ಸಮುದ್ರ ಸೇರುವ ಕಡೆ, ಎರಡರ ನಡುವೆ ಗೋಡೆಯಂತೆ ಉದ್ದನೆಯ ಮರಳಪಟ್ಟಿ. ಆ ಪಟ್ಟಿಯಲ್ಲಿ ಒಂದು ಬಾಯಿ, ಅದರಲ್ಲೇ ದೋಣಿಗಳು ಹೋಗಿ ಬರುವುದು. ಅಲೆಗಳು ದಂಡೆಗುಂಟ ಮರಳನ್ನು ತಳ್ಳಿ ತಳ್ಳಿ ಪಟ್ಟಿಯನ್ನು ಉದ್ದ ಮಾಡುತ್ತವೆ, ಬಾಯಿ ಒಂದು ಮಗ್ಗುಲಿಗೆ ಸರಿಯುತ್ತ ಹೋಗುತ್ತದೆ. ಪಟ್ಟಿ ಉದ್ದವಾದಷ್ಟೂ ಎಲ್ಲೋ ಒಂದು ಕಡೆ ಸಣಕಲಾಗುತ್ತದೆ. ಆಮೇಲೆ ಒಂದು ಬಿರುಗಾಳಿಯ ದಿನ ಸಮುದ್ರ ಆ ಸಣಕಲು ಕೊರಳನ್ನು ಹಾರಿ, ಕಡಿದು, ಹೊಸ ಬಾಯಿ ಮಾಡಿಬಿಡುತ್ತದೆ. ಹಳೆಯ ಬಾಯಿ ಮೆಲ್ಲಗೆ ಮರಳು ತುಂಬಿ ಸಾಯುತ್ತದೆ. ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ತಮ್ಮ ಕಾಲದಲ್ಲಿ ಬಾಯಿ ಎಲ್ಲೆಲ್ಲಿ ಇತ್ತೆಂದು ತೋರಿಸುತ್ತ ಹೋದರು. ಒಂದು ಕಡೆ ಈಗ ತೆಂಗಿನ ಮರಗಳಿದ್ದವು. ಆಳ ಎಲ್ಲಿದೆ ಎಂದು ನಾನು ಕೇಳಿದೆ. ಅದನ್ನು ಕೇಳಿ ಏನು ಮಾಡುತ್ತೀ, ಮುಂದೆ ಎಲ್ಲಿ ಕಡಿಯುತ್ತದೆ ಎಂದು ಕೇಳು ಎಂದರು.

ಇಷ್ಟು ವರ್ಷ ನಾನು ಭೀಮೆಗೆ ತಪ್ಪು ಪ್ರಶ್ನೆ ಕೇಳುತ್ತ ಬಂದಿದ್ದೆ.

ವಾಪಸು ಬಂದವಳೇ ಎಲ್ಲ ವರ್ಷದ ನಕ್ಷೆಗಳ ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬಿಸಿಲು ಹಿಂದಿನಿಂದ ಬಂತು. ಒಂದೊಂದು ವರ್ಷದ ದಿಬ್ಬ ಒಂದೊಂದು ಗೆರೆಯಾಗಿ, ಮೆಟ್ಟಿಲು ಇಳಿದಂತೆ ಕೆಳಕ್ಕೆ ಇಳಿದಿತ್ತು. ದತ್ತಾ ಸಾಹೇಬರನ್ನು ಕರೆದೆ. ಅವರು ಬಂದು ನೋಡಿ, "ಎಲ್ಲಾ ಹಾಳಿ ಮ್ಯಾಲ ನಿಮ್ಮ ಬೆರಳಿನ ಗುರುತು ಬಿದ್ದಾವ್ರಿ" ಎಂದರು. ಆಮೇಲೆ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಮುಂದೆ ಕೆಲವು ವರ್ಷ ಭೀಮೆಗೆ ದೊಡ್ಡ ನೀರು ಬರಲಿಲ್ಲ. ದಂಡೆಗೆ ಅಂಟಿದ ದಿಬ್ಬದ ಮೇಲೆ ಹುಲ್ಲು, ಜಾಲಿ ಬೆಳೆದವು. ಕಾಶೀಬಾಯಿಯ ಗಂಡ ಶಿವರಾಯ ಅಲ್ಲಿ ಕುರಿಹಟ್ಟಿ ಹಾಕಿದ. ನೋಡಿ ಇನ್ನೂ ಏಳೆಂಟು ಮನೆಯವರು ಹಾಕಿದರು. ಸಣ್ಣ ಡೀಸೆಲ್ ಪಂಪು ತಂದು ತರಕಾರಿಯನ್ನೂ ಹಚ್ಚಿದರು. ಹಳೆಯ ಬಾಯಿ ಇದ್ದ ಜಾಗದ ಮೇಲೆ, ಅಂದರೆ ದಿಬ್ಬಕ್ಕೂ ದಂಡೆಗೂ ನಡುವಿನ ಕೊರಳಿನ ಮೇಲೆ, ಎತ್ತಿನಬಂಡಿ ಓಡಾಡಿ ದಾರಿಯೇ ಬಿದ್ದಿತ್ತು. ಅದು ನದಿ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಒಂದು ಮಳೆಗಾಲ ಮೇಲೆ ಮಹಾರಾಷ್ಟ್ರದಲ್ಲಿ ಬಿಡದೆ ಸುರಿಯಿತು. ಅಣೆಕಟ್ಟಿನಿಂದ ಬಹಳ ನೀರು ಬಿಟ್ಟಿದ್ದಾರೆಂಬ ಸುದ್ದಿ ಬೆಳಿಗ್ಗೆ ಆಫೀಸಿಗೆ ಬಂತು. ಸಂಜೆಯೊಳಗೆ ನಮ್ಮ ಕಡೆ ಮುಟ್ಟುತ್ತದೆ. ದಿಬ್ಬದ ಮೇಲಿನವರಿಗೂ ಸುದ್ದಿ ಹೋಗಿತ್ತು, ಆದರೆ ಅವರಿಗೆ ಗಾಬರಿ ಇರಲಿಲ್ಲ. ನೀರು ಮುಂದಿನಿಂದ, ದೊಡ್ಡ ಹರಿವಿನ ಕಡೆಯಿಂದ ಮೆಲ್ಲಗೆ ಏರುತ್ತದೆ, ಕಂಡ ಮೇಲೆ ಹಿಂದಿನ ದಾರಿಯಲ್ಲಿ ಎದ್ದು ಬಂದರಾಯಿತು ಎಂದು ಅವರ ಲೆಕ್ಕ. ನನಗೆ ಭಯವಾದದ್ದು ಆ ಹಿಂದಿನ ದಾರಿಯ ನೆನಪಿಗೇ. ದಿಬ್ಬ ಮುಳುಗುವ ಮೊದಲು ಕಡಿಯುವುದು ಕೊರಳು. ಅವರು ಮುಂದೆ ನೋಡುತ್ತ ಕುಳಿತಾಗ ನೀರು ಬೆನ್ನ ಹಿಂದೆ ಬಂದಿರುತ್ತದೆ.

ಸಾಹೇಬರ ಕೋಣೆಗೆ ಓಡಿದೆ.

"ನಿಮ್ಮ ನಕ್ಷಾದ ಮ್ಯಾಲ ಅಷ್ಟು ವಿಶ್ವಾಸ ಅದ ಏನ್ರಿ?" ಎಂದರು.

"ನಕ್ಷಾದ ಮ್ಯಾಲ ಇಲ್ರಿ ಸರ್. ಮರಳಿನ ಮ್ಯಾಲ ಅದ."

ಅವರು ಎದ್ದು ಜೀಪಿನ ಕೀಲಿ ತೆಗೆದುಕೊಂಡರು. ತಹಸೀಲಿಗೆ ಫೋನು ಮಾಡಿ, ಬರುವವರು ಬರಲಿ, ಅಷ್ಟರಲ್ಲಿ ನಾವು ಹೋಗೋಣ ಎಂದರು.

ಮಧ್ಯಾಹ್ನದ ಹೊತ್ತಿಗೆ ದಿಬ್ಬ ಮುಟ್ಟಿದೆವು. ದಾರಿಯಲ್ಲಿ ಸಾಯಬಣ್ಣನನ್ನೂ ಹತ್ತಿಸಿಕೊಂಡಿದ್ದೆವು. ಅವನಿಗೆ ಆಗ ವಯಸ್ಸಾಗಿತ್ತು, ಗಳ ಮಾತ್ರ ಕೈಯಲ್ಲೇ ಇತ್ತು. ಕಾಶೀಬಾಯಿ ಕುರಿಹಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಆವಾಗ ನೀರು ಅದಾವ ಅಂದ್ರಿ, ನೀರು ಇರಲಿಲ್ಲ. ಈಗ ನೀರು ಇಲ್ಲ, ಬರ್ತಾವ ಅಂತೀರಿ. ನಿಮ್ಮ ಮಾತಿಗಿ ಕುರಿ, ಪಂಪು ಎಲ್ಲಾ ಹೊತ್ತುಕೊಂಡು ಓಡಬೇಕೇನ್ರಿ?"

ಸುತ್ತ ನಿಂತವರು ನಗಲಿಲ್ಲ ಈ ಸಲ. ಅವರಿಗೂ ಅದೇ ಪ್ರಶ್ನೆಯಿತ್ತು.

"ಆವಾಗ ತಪ್ಪಿದ್ದು ನಾನೇ ಕಾಶೀಬಾಯಿ," ಎಂದೆ. "ಬಾಯಿ ಮುಚ್ಚತದ ಅಂತ ಸಾಯಬಣ್ಣ ಮೊದಲೇ ಹೇಳಿದ್ದ. ನಕ್ಷಾ ಚಂದ ಕಾಣ್ಲಿ ಅಂತ ನಾ ಬರೀಲಿಲ್ಲ. ನನ್ನ ಮಾತು ಕೇಳಬ್ಯಾಡ್ರಿ. ಅವನಿಗಿ ಕೇಳ್ರಿ."

ಎಲ್ಲರೂ ಸಾಯಬಣ್ಣನ ಕಡೆ ನೋಡಿದರು. ಅವನು ಕುರಿಹಟ್ಟಿಯ ಬಳಿ ಗಳ ಊರಿದ. ಮೊಳದಷ್ಟು ಇಳಿದು ಗಟ್ಟಿ ಮಣ್ಣಿಗೆ ಟಕ್ ಎಂದು ನಿಂತಿತು. ಆಮೇಲೆ ಕೊರಳಿನ ದಾರಿಗೆ ಹೋಗಿ, ಬಂಡಿಯ ಜಾಡಿನ ನಡುವೆಯೇ ಊರಿದ. ಗಳ ಇಳಿಯಿತು, ಇಳಿಯಿತು, ಅವನ ಭುಜದವರೆಗೆ ಇಳಿಯಿತು. ಎಳೆದಾಗ ತುದಿ ಒದ್ದೆಯಾಗಿತ್ತು.

"ಕೆಳಗ ಆಗಲೇ ಬಂದದ್ರಿ" ಎಂದ ಸಾಯಬಣ್ಣ.

ಕಾಶೀಬಾಯಿ ಒಂದು ಗಳಿಗೆ ಆ ಒದ್ದೆ ತುದಿ ನೋಡಿದಳು. ತಿರುಗಿ ಕೂಗಿದಳು, "ಏಳ್ರೆವ್ವಾ! ಹಟ್ಟಿ ಬಿಚ್ಚರಿ, ಕುರಿ ಹೊಡೀರಿ!"

ಮುಂದಿನ ಎರಡು ತಾಸು ಕುರಿ, ಕೋಳಿ, ಕೌದಿ, ಪಾತ್ರೆ, ಪಂಪು, ಮಕ್ಕಳು ಎಲ್ಲ ಆ ಕೊರಳಿನ ಮೇಲೆ ಹಾದುಹೋದವು. ನಾನು ಕಡಿಯುವ ಜಾಗವೆಂದು ಲೆಕ್ಕ ಹಾಕಿದ ಕಡೆ ಕೆಂಪು ನಿಶಾನೆ ನೆಟ್ಟು, ಅಲ್ಲಿ ಯಾರೂ ನಿಲ್ಲದಂತೆ ಕಾಯುತ್ತಿದ್ದೆ. ಸಾಹೇಬರು ಜೀಪನ್ನು ನನ್ನ ನಿಶಾನೆಯಿಂದ ಇನ್ನೂರು ಹೆಜ್ಜೆ ದೂರ, ನನ್ನ ನಕ್ಷೆಯ ಪ್ರಕಾರ ಬಹಳ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿದ್ದರು.

ನೀರು ಕಡಿದದ್ದು ಜೀಪಿನ ಕೆಳಗೆ.

ಮೊದಲು ಒಂದು ಗೇಣಿನಷ್ಟು ಝರಿ, ಮರಳಿನ ಮೇಲೆ ಹಾವಿನಂತೆ ಹರಿದು ಬಂತು. ಜೀಪಿನ ಹಿಂದಿನ ಚಕ್ರ ಕುಸಿಯಿತು. ಹತ್ತು ಹನ್ನೆರಡು ಮಂದಿ ಓಡಿಹೋಗಿ ತಳ್ಳಿ ದಂಡೆಗೆ ಹತ್ತಿಸಿದರು. ಸಾಹೇಬರ ಇಸ್ತ್ರಿ ಪ್ಯಾಂಟು ಮೊಣಕಾಲವರೆಗೆ ಕೆಸರು. ನನ್ನ ನಿಶಾನೆ ಒಣಮರಳಲ್ಲಿ ಗಾಳಿಗೆ ಚೆನ್ನಾಗಿ ಹಾರಾಡುತ್ತಿತ್ತು. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೈಯಲು ಹೊತ್ತಿರಲಿಲ್ಲ. ನಾವು ತಿರುಗಿ ನೋಡುವಷ್ಟರಲ್ಲಿ ಗೇಣಗಲದ ಝರಿ ಬಂಡಿಯಗಲ ಆಗಿತ್ತು, ಎರಡೂ ಕಡೆಯ ಮರಳು ಗೋಡೆ ಬಿದ್ದಂತೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ನದಿ ಹರಿಯುತ್ತಿತ್ತು.

ಆಗ ಕಾಶೀಬಾಯಿ ಕೇಳಿದಳು, "ಇವ್ರು ಎಲ್ಲಿ?"

ಶಿವರಾಯ ಕಾಣಲಿಲ್ಲ. ಬಿಟ್ಟುಬಂದ ಒಂದು ಪಂಪು ತರಲು ಎಲ್ಲರ ಕಣ್ಣು ತಪ್ಪಿಸಿ ಹಿಂದೆ ಹೋಗಿದ್ದ. ಆಚೆ ದಿಬ್ಬದ ಮೇಲೆ, ನೀರಿನ ಅಂಚಿನಲ್ಲಿ, ಪಂಪನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಹೊಸ ಹರಿವಿಗೆ ಇಳಿದೇ ಬಿಡುತ್ತಾನೇನೋ ಅನ್ನುವಂತೆ ಒಂದು ಕಾಲು ಮುಂದಿಟ್ಟ. ಕಾಶೀಬಾಯಿ ಕಿರುಚಿದಳು. ಅವನು ಕಾಲು ಹಿಂದೆ ತೆಗೆದ.

ಗಂಡಸರು ದಂಡೆಯ ಮೇಲಿದ್ದ ಹರಿಗೋಲನ್ನು ಅಲ್ಲೇ ನೀರಿಗೆ ಇಳಿಸಲು ಎಳೆದು ತಂದರು. ಸಾಯಬಣ್ಣ ತಡೆದ.

"ಇಲ್ಲಿ ಬ್ಯಾಡ. ಇಲ್ಲಿ ಇಳಿಸಿದ್ರ ಒಡದ ಹಾಕ್ತದ. ಬಾಲದ ಕಡಿ ಹೋಗಬೇಕು. ಅಲ್ಲಿ ಎರಡೂ ನೀರು ಕೂಡ್ತಾವ, ದಿಬ್ಬದ ಮರಿಗಿ ನೀರು ಸುಸ್ತ ಆಗಿರ್ತದ."

ಶಿವರಾಯನಿಗೆ ಬಾಲದ ಕಡೆ ಬಾ ಎಂದು ಹೇಳುವುದು ಹೇಗೆ? ನೀರಿನ ಸದ್ದಿನಲ್ಲಿ ಕೂಗು ಮುಟ್ಟುತ್ತಿರಲಿಲ್ಲ. ನಾನು ಹೋಗಿ ನನ್ನ ಆ ತಪ್ಪು ನಿಶಾನೆಯನ್ನು ಕಿತ್ತುಕೊಂಡು, ತಲೆಯ ಮೇಲೆ ಬೀಸುತ್ತ ದಂಡೆಗುಂಟ ಕೆಳಕ್ಕೆ ಓಡಿದೆ. ನನ್ನ ಹಿಂದೆ ಕಾಶೀಬಾಯಿ. ಆಚೆ ಶಿವರಾಯ ನಮ್ಮನ್ನು ನೋಡಿ, ಸ್ವಲ್ಪ ಹೊತ್ತು ತಿಳಿಯದೆ ನಿಂತು, ಆಮೇಲೆ ನಮ್ಮ ಸಮಕ್ಕೆ ದಿಬ್ಬದ ಮೇಲೆ ನಡೆಯತೊಡಗಿದ. ನಾವು ಓಡಿದರೆ ಓಡಿದ. ಹೆಗಲ ಮೇಲೆ ಪಂಪು ಹಾಗೇ ಇತ್ತು. ನನ್ನ ಜೀವನದಲ್ಲಿ ಸೀರೆಯುಟ್ಟು ಹಾಗೆ ಓಡಿದ್ದು ಅದೊಂದೇ ಸಲ. ಜಾಲಿಮುಳ್ಳು ಕಾಲಿಗೆ ನೆಟ್ಟದ್ದು ರಾತ್ರಿಯವರೆಗೆ ಗೊತ್ತಾಗಲಿಲ್ಲ.

ದಂಡೆಗುಂಟ ಕೆಳಗೆ ಒಯ್ದು ನೀರಿಗಿಳಿಸಿದ ಮೇಲೂ ಸಾಯಬಣ್ಣ ಹರಿಗೋಲನ್ನು ಪ್ರವಾಹಕ್ಕೆ ಅಡ್ಡ ಹಾಕಲಿಲ್ಲ. ನೀರು ಕರೆದೊಯ್ದ ಕಡೆ ಓರೆಯಾಗಿ ತೇಲಲು ಬಿಟ್ಟು, ಬಾಲ ದಾಟುವಾಗ ಹುಟ್ಟು ಎರಡು ಸಲ ಜೋರಾಗಿ ಹಾಕಿ, ದಿಬ್ಬದ ಮರೆಗೆ ನುಗ್ಗಿಸಿದ. ಹರಿಗೋಲು ಅಲ್ಲಿ ನಿಂತಿತು. ಅಂಥ ನೀರಿನಲ್ಲಿ, ಕೊಳದಲ್ಲಿ ನಿಂತಂತೆ ನಿಂತಿತು. ಶಿವರಾಯ ಹತ್ತಲು ಬಂದ. ಸಾಯಬಣ್ಣ ಪಂಪಿನ ಕಡೆ ಕೈ ತೋರಿಸಿ ಏನೋ ಅಂದ. ಸ್ವಲ್ಪ ಹೊತ್ತು ವಾದ ನಡೆದದ್ದು ನಮಗೆ ದಂಡೆಯಿಂದಲೇ ಕಂಡಿತು. ಕೊನೆಗೆ ಶಿವರಾಯ ಪಂಪನ್ನು ಮರಳಿನ ಮೇಲೆ ಇಳಿಸಿ, ಅದನ್ನೇ ನೋಡುತ್ತ, ಬರಿಗೈಯಲ್ಲಿ ಹರಿಗೋಲು ಹತ್ತಿದ.

ಅವರು ಬಹಳ ಕೆಳಗೆ ದಂಡೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕಾಶೀಬಾಯಿ ಗಂಡನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡೆ. "ಪಂಪಿನ ಸಂಗಟ ಲಗ್ನ ಆಗಬೇಕಿತ್ತಲ್ಲ ನೀವು!" ಎಂದು ಬೈದಳು. ಆಮೇಲೆ ಅತ್ತಳು. ದತ್ತಾ ಸಾಹೇಬರು ಆಚೆ ತಿರುಗಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳ ಮನೆಯಲ್ಲಿ ಚಹಾ ಕುಡಿದು ದಂಡೆಗೆ ಹೋದೆವು. ದಿಬ್ಬ ಪೂರ್ತಿ ನಡುಗಡ್ಡೆಯಾಗಿತ್ತು. ನಾವು ನಿಂತು ಜಗಳವಾಡಿದ ಜಾಗದಲ್ಲಿ ಎರಡಾಳು ನೀರು. ಎಲ್ಲರೂ ಈಚೆಗಿದ್ದರು. ಕುರಿಗಳನ್ನು ಮೂರು ಸಲ ಎಣಿಸಿದರು, ಅವೂ ಸರಿಯಾಗಿದ್ದವು. ನಾನು ಹಾಳೆ ಹರವಿಕೊಂಡು ಹೊಸ ಬಾಯಿಯನ್ನು ಗುರುತು ಹಾಕತೊಡಗಿದೆ. ಕಾಶೀಬಾಯಿ ಪಕ್ಕದಲ್ಲಿ ಕುಳಿತು ನೋಡಿದಳು.

"ಇದು ಎಷ್ಟು ದಿನ ನಡೀತದ್ರಿ ಈ ನಕ್ಷಾ?"

"ಮುಂದಿನ ಮಳಿ ತನಕ."

"ಹಂಗಂತ ಬರೀರಿ ಅದರ ಮ್ಯಾಲ."

ಬರೆದೆ. ಅದಕ್ಕೂ ಕಾಲಂ ಇರಲಿಲ್ಲ. ಅಂಚಿನಲ್ಲಿ, ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಆ ಊರಿಗೆ ಹೋದೆ. ಸಾಯಬಣ್ಣ ತೀರಿಕೊಂಡ ಮೇಲೂ ಹೋದೆ. ಅಳೆಯುವ ಯಂತ್ರಗಳು ಬದಲಾದವು, ಕಿಟಕಿಯ ಗಾಜಿನ ಬದಲು ಕಂಪ್ಯೂಟರ್ ಬಂತು. ಆದರೂ ಇಬ್ಬರು ಮೂವರು ಊರವರನ್ನು ಕೂಡಿಸಿಕೊಂಡು, ಈ ಸಲ ಎಲ್ಲಿ ಕಡಿಯುತ್ತದೆ ಎಂದು ವಾದ ಮಾಡದೆ ನಾನು ಯಾವ ನಕ್ಷೆಗೂ ಸಹಿ ಹಾಕಲಿಲ್ಲ. ಹೆಚ್ಚಿನ ಸಲ ಅವರೇ ಗೆದ್ದರು.

ನಿವೃತ್ತಿಯಾದ ವರ್ಷ ಮಳೆಗೆ ಮುಂಚಿನ ಭೇಟಿ ತಪ್ಪುವುದರಲ್ಲಿತ್ತು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ್ದಾರೆ, ಇನ್ನು ನನಗೇನು ಕೆಲಸ ಎಂದು ಮನೆಯಲ್ಲಿ ಹಪ್ಪಳದ ಹಿಟ್ಟು ನಾದುತ್ತಿದ್ದೆ. ಕಾಶೀಬಾಯಿಯ ಫೋನು ಬಂತು.

"ಅಕ್ಕಾರ, ಮಳಿ ಬರೂ ಹೊತ್ತಾತು. ಈ ಸಲ ಯಾಕ ಬಂದಿಲ್ರಿ?"

"ನಾ ರಿಟೈರ್ ಆದ್ನಲ್ಲ ಕಾಶೀಬಾಯಿ."

ಅವಳು ಕೇಳಿದಳು:

"ನದಿನೂ ಆಗ್ಯದೇನ್ರಿ?"

ಕೈಗೆ ಅಂಟಿದ ಹಿಟ್ಟು ತೊಳೆದುಕೊಂಡು ಮರುದಿನವೇ ಹೋದೆ. ಅಫಜಲಪುರದ ಬಸ್ಸು ಬೆಳಿಗ್ಗೆ ಇದೆ. ಈ ವರ್ಷವೂ ಹೋಗುತ್ತೇನೆ. ಚಹಾಕ್ಕೆ ಕರೆದ ಹೊಸಬರೇ, ನಿಮ್ಮಲ್ಲಿ ಯಾರಿಗಾದರೂ ಬರುವ ಮನಸ್ಸಿದ್ದರೆ ಬನ್ನಿ. ಬುತ್ತಿ ನಾನು ಕಟ್ಟಿಕೊಂಡು ಬರುತ್ತೇನೆ, ಚಪ್ಪಲಿ ಗಟ್ಟಿಯಾದದ್ದು ಹಾಕಿಕೊಳ್ಳಿ.